ದರ ಕೇಳದವರ ಆಯ್ಕೆ

ಗಂಗೊಳ್ಳಿಯಲ್ಲಿ ಮೀನಿನ ಬುಟ್ಟಿಯೆದುರು ಕೂತರೆ ಬಂಗುಡೆಯ ಕಿವಿರು ಎತ್ತಿ ನೋಡದೆ, ಹತ್ತು ರೂಪಾಯಿ ಇಳಿಸದೆ ಏಳದ ಜನ ನಾವು. ಅದೇ ನಾವು ಆಸ್ಪತ್ರೆಯ ಕೌಂಟರಿನಲ್ಲಿ ಲಕ್ಷದ ಆಪರೇಷನ್ನಿಗೆ ತುಟಿ ಬಿಚ್ಚದೆ ಸಹಿ ಹಾಕುತ್ತೇವೆ. ‘ಡಾಕ್ಟ್ರ ಹತ್ರ ದುಡ್ಡಿನ್ ಮಾತ್ ಹ್ಯಾಂಗ್ ಕೇಂಬುದ್?’ ಈ ಸಂಕೋಚಕ್ಕೆ ಮರ್ಯಾದೆಯ ಹೆಸರಿಟ್ಟದ್ದು ಸಾಕು. ಇದು ಶುದ್ಧ ಉದಾಸೀನ. ಇದರ ಬೆಲೆ ತೆರುವುದು ಬೈಂದೂರಿನ ಒಳಹಳ್ಳಿಗಳಲ್ಲಿ ಕರಿಮಣಿ ಅಡವಿಟ್ಟು ಬಿಲ್ಲು ಕಟ್ಟುವ ಮನೆಗಳು.

ಸರ್ಕಾರ ಕೈ ಹಾಕುವುದು ಬೇಡ, ಆಸ್ಪತ್ರೆಗಳು ಪೈಪೋಟಿ ನಡೆಸಲಿ, ರೋಗಿ ತನಗೆ ಬೇಕಾದಲ್ಲಿಗೆ ಹೋಗಲಿ ಎಂದು ನಮ್ಮ ಓದಿದವರು ವಾದಿಸುತ್ತಾರೆ. ದರವೇ ಗೊತ್ತಿಲ್ಲದಲ್ಲಿ ಎಂಥ ಪೈಪೋಟಿ? ವೈದ್ಯನಿಗೆ ತಿಳಿದದ್ದು ರೋಗಿಗೆ ತಿಳಿದಿರುವುದಿಲ್ಲ, ಹಾಗಾಗಿ ಚಿಕಿತ್ಸೆ ಮಿಕ್ಕ ಸರಕಿನಂತಲ್ಲ ಎಂದು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ಬರೆದರು. ಲಕ್ಷ ದಾಟುತ್ತಿದ್ದ ಔಷಧಲೇಪಿತ ಸ್ಟೆಂಟ್ 2017ರ ಫೆಬ್ರವರಿಯಲ್ಲಿ 29,600 ರೂಪಾಯಿಗೆ ಇಳಿಯಿತಲ್ಲ, ಇಳಿಸಿದ್ದು ಪೈಪೋಟಿಯಲ್ಲ, ಕೇಂದ್ರದ ಬೆಲೆಮಿತಿ.

ಅದೇ ವರ್ಷ ನವೆಂಬರಿನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಕಾಯ್ದೆಯಲ್ಲಿದ್ದ ದರ ನಿಯಂತ್ರಣ ಸೊರಗಿತು. ಆದರೂ ಉಳಿದದ್ದು ಸಣ್ಣದಲ್ಲ. ಆಸ್ಪತ್ರೆ ತನ್ನ ದರಪಟ್ಟಿಯನ್ನು ಜನರಿಗೆ ಕಾಣುವಂತೆ ಇಡಬೇಕು. ತುರ್ತು ಚಿಕಿತ್ಸೆಗೆ ಮುಂಗಡಕ್ಕಾಗಿ ಪಟ್ಟು ಹಿಡಿಯುವಂತಿಲ್ಲ. ಬಾಕಿ ಇದೆಯೆಂದು ಹೆಣ ತಡೆಯುವಂತಿಲ್ಲ. ಇದನ್ನೆಲ್ಲ ತಿಳಿದುಕೊಳ್ಳುವ ಗೋಜಿಗೆ ನಮ್ಮಲ್ಲಿ ಯಾರು ಹೋಗಿದ್ದಾರೆ?

ಇನ್ನೊಂದು ಚಾಳಿ, ಸರ್ಕಾರಿ ಆಸ್ಪತ್ರೆಯನ್ನು ಕಂಡೂ ಕಾಣದಂತೆ ದಾಟಿಹೋಗುವುದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ತುರ್ತಲ್ಲದ ಕಾಯಿಲೆಯಾದರೆ ಖಾಸಗಿಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ನಾವೋ, ಕುಂದಾಪುರದ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲೂ ಹತ್ತದೆ, ಬ್ರಹ್ಮಾವರವನ್ನೂ ದಾಟಿ ದೊಡ್ಡ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗುತ್ತೇವೆ. ಬಿಲ್ಲು ಬಂದ ಮೇಲೆ ಕಪಾಟಿನಲ್ಲಿ ಕಾರ್ಡ್ ಹುಡುಕುತ್ತೇವೆ, ಆಮೇಲೆ ಯೋಜನೆಯೇ ಮೋಸ ಎಂದು ಬೈಯುತ್ತೇವೆ. ಬೈಯಲು ಏನು ಹಕ್ಕಿದೆ ನಮಗೆ?

ಮುಂದಿನ ಸಲ ದಾಖಲಾಗುವ ಮೊದಲು ದರಪಟ್ಟಿ ಎಲ್ಲಿದೆಯೆಂದು ಕೇಳಿ. ಅಂದಾಜು ಖರ್ಚನ್ನು ಬರೆಸಿಕೊಳ್ಳಿ. ಬಿಲ್ಲಿನಲ್ಲಿ ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಕೇಳಿ. ಕೊಡದಿದ್ದರೆ ಮಣಿಪಾಲದ ರಜತಾದ್ರಿಯಲ್ಲಿ ಜಿಲ್ಲಾಧಿಕಾರಿ ಕಚೇರಿಯಿದೆ, ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದುಕೊಂಡೇ ಬನ್ನಿ.