ಜಾಗ ಬದಲಿಸಿದರ ರಿಪೇರಿ ಆಗಂಗಿಲ್ಲ

ನಮ್ಮ ಟೀಮಿನಲ್ಲಿ ಒಂದು ಪದ್ಧತಿ ಇತ್ತು. ಕ್ಲಸ್ಟರಿನ ಎಂಟು ಸರ್ವರ್‌ಗಳಲ್ಲಿ ಮೂರನೆಯದರ ಮೇಲಿನ ವರ್ಚುವಲ್ ಮಷೀನಿಗೆ ನೆಟ್‌ವರ್ಕ್ ಸಿಗುತ್ತಿಲ್ಲ ಅಂತ ದೂರು ಬಂತಾ? ಐದನೆಯದಕ್ಕೆ ಮೈಗ್ರೇಟ್ ಮಾಡು. ಪಿಂಗ್ ಬಂತಾ? ಟಿಕೆಟ್ ಕ್ಲೋಸ್. ಹತ್ತು ನಿಮಿಷದ ಕೆಲಸ, ಎಲ್ಲರೂ ಖುಷ್. ಮೂರನೆಯ ಸರ್ವರಿಗೆ ಏನಾಗಿದೆ ಅಂತ ಕೇಳುವವರೇ ಇರಲಿಲ್ಲ. ನಾನೂ ಹಿಂಗ ನಾಕೈದು ಟಿಕೆಟ್ ಮುಚ್ಚೇನಿ.

ಒಂದು ರಾತ್ರಿ ಬೇರೊಂದು ಸರ್ವರ್ ಕೈಕೊಟ್ಟಿತು. ಅದರ ಮೇಲಿದ್ದ ಮಷೀನುಗಳನ್ನು ಕ್ಲಸ್ಟರ್ ತಾನಾಗಿಯೇ ಉಳಿದ ಸರ್ವರ್‌ಗಳ ಮೇಲೆ ಎಬ್ಬಿಸಿತು. ಮೂರನೆಯದು ಖಾಲಿ ಇತ್ತಲ್ಲ, ಹೆಚ್ಚಿನವು ಅಲ್ಲಿಗೇ ಹೋದವು. ಎಲ್ಲವೂ ಎದ್ದವು, ಒಂದಕ್ಕೂ ಹೊರಗಿನ ಸಂಪರ್ಕ ಇಲ್ಲ. ಡ್ಯಾಶ್‌ಬೋರ್ಡ್ ಮಾತ್ರ ಹಚ್ಚಹಸಿರು.

ಬೆಳಗಿನ ಜಾವ ಸಿಕ್ಕಿದ್ದು ಒಂದೇ ಸಾಲಿನ ತಪ್ಪು. ಸ್ವಿಚ್‌ನಲ್ಲಿ ಆ ಸರ್ವರಿನ ಟ್ರಂಕ್ ಪೋರ್ಟಿಗೆ ಅನುಮತಿಸಿದ ವಿಎಲ್ಯಾನ್‌ಗಳ ಪಟ್ಟಿಯಲ್ಲಿ ಈ ಮಷೀನುಗಳ ವಿಎಲ್ಯಾನ್ ಬಿಟ್ಟುಹೋಗಿತ್ತು. ಮ್ಯಾನೇಜ್‌ಮೆಂಟ್ ವಿಎಲ್ಯಾನ್ ಇತ್ತು, ಅದಕ್ಕೇ ಹಸಿರು. ಅಕ್ಕಪಕ್ಕದ ಮಷೀನುಗಳು ಒಂದಕ್ಕೊಂದು ಪಿಂಗ್ ಆಗುತ್ತಿದ್ದವು, ಯಾಕಂದ್ರ ಆ ಮಾತು ಸರ್ವರಿನೊಳಗಿನ ವರ್ಚುವಲ್ ಸ್ವಿಚ್‌ನಲ್ಲೇ ಮುಗಿಯುತ್ತದೆ, ತಂತಿಗೆ ಬರುವುದೇ ಇಲ್ಲ. ಗೇಟ್‌ವೇಯನ್ನು ಹುಡುಕಿ ಹೊರಟ ಎಆರ್‌ಪಿ ಮಾತ್ರ ಸ್ವಿಚ್ಚಿನ ಬಾಗಿಲಲ್ಲೇ ಬಿದ್ದುಹೋಗುತ್ತಿತ್ತು.

ನವಲಗುಂದದ ಕಡೆಯವನಾದ ನನಗೆ ಈ ಹಸಿರು ದೀಪ ಹೊಸದೇನಲ್ಲ. ನವಿಲುತೀರ್ಥದಲ್ಲಿ ಮಲಪ್ರಭಾ ಕಾಲುವೆಗೆ ನೀರು ಬಿಟ್ಟರೆ ಕಾಗದದಲ್ಲಿ ಎಲ್ಲರ ಹೊಲವೂ ನೀರಾವರಿ. ನೀರು ನೆಟ್ಟಗೆ ಬಾರದ ಹೊಲಕ್ಕೂ ಕರ ಕೇಳಿದರೆಂದು 1980ರಲ್ಲಿ ರೈತರು ಎದ್ದರು. ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು. ಈಗಲೂ ಅಪ್ಪಗ ಫೋನ್ ಮಾಡಿ, "ನೀರು ಬಿಟ್ಟಾರಂತಲ್ಲಪಾ, ಪೇಪರ್‌ನ್ಯಾಗ ಬಂದೈತಿ" ಅಂದರೆ, "ಪೇಪರ್‌ನ್ಯಾಗ ಬಂದೈತಿ, ಹೊಲಕ್ಕ ಬಂದಿಲ್ಲ" ಅಂತಾನೆ.

"ಕ್ಲೈಂಟ್ ಕಾಯ್ತಾ ಕೂತಾಗ ಇನ್ನೇನು ಮಾಡೋಣ?" ಅಂತ ಗೆಳೆಯರು ಕೇಳುತ್ತಾರೆ. ಮೈಗ್ರೇಟ್ ಮಾಡ್ರಿ, ಬ್ಯಾಡ ಅಂದವರ್ಯಾರು? ಆದರೆ ಆ ಸರ್ವರಿಗೆ ಬೇರೆ ಮಷೀನುಗಳು ಹೋಗದಂತೆ ತಡೆದು, ಟಿಕೆಟನ್ನು ಅದರ ಹೆಸರಲ್ಲಿ ತೆರೆದಿಡಿ. ಆಮೇಲೆ ಒಂದು ಟೆಸ್ಟ್ ಮಷೀನು ಕೂರಿಸಿ ಒಳಗಿನಿಂದ ಹೊರಗೆ ಹೋಗಿ: ಮೊದಲು ಗೇಟ್‌ವೇಗೆ ಪಿಂಗ್, ಆಮೇಲೆ ಅಪ್‌ಲಿಂಕಿನಲ್ಲಿ ಪ್ಯಾಕೆಟ್ ಕ್ಯಾಪ್ಚರ್, ಕೊನೆಗೆ ಸ್ವಿಚ್‌ನಲ್ಲಿ ಆ ಮಷೀನಿನ ಮ್ಯಾಕ್ ಅಡ್ರೆಸ್ ಕಾಣುತ್ತದೆಯೇ ಅಂತ ನೋಡಿ. ಸರಿಯಿರುವ ಸರ್ವರಿನ ಪೋರ್ಟ್ ಪಕ್ಕಕ್ಕಿಟ್ಟು ಹೋಲಿಸಿ. ಅರ್ಧ ತಾಸು ಸಾಕು.

ಇಷ್ಟು ಸಿಟ್ಟು ಯಾಕೆ ಅಂದರೆ, ನಾನೂ ಮೈಗ್ರೇಟ್ ಆದ ಮಷೀನೇ. ಬಿಇ ಮುಗಿಸಿ ಬೆಂಗಳೂರಿಗೆ ಬಂದೆ, ಸಂಬಳ ಬಂತು, "ಹುಡುಗ ದಡ ಸೇರಿದ" ಅಂತ ಊರವರು ಟಿಕೆಟ್ ಮುಚ್ಚಿದರು. ನಾನೂ ಮುಚ್ಚಿದೆ. ನಮ್ಮ ಹೊಲದ ತನಕ ನೀರು ಯಾಕೆ ಬರುವುದಿಲ್ಲ, ಎಲ್ಲಿ ನಿಂತಿದೆ ಅಂತ ಕಾಲುವೆಗುಂಟ ಒಂದು ದಿನವೂ ನಡೆದು ನೋಡಲಿಲ್ಲ. ಮೂರನೆಯ ಸರ್ವರ್ ಈಗ ಸರಿಯಾಗಿದೆ. ಊರಿನ ಟಿಕೆಟ್ ಹಂಗೇ ಬಿದ್ದೈತಿ.