ಎಳೆಯುವ ಸ್ಟಿಯರಿಂಗ್: ಬೇರು ನೋಡದೆ ಎಲೆಗೆ ಮದ್ದು ಬೇಡ

ಮಲೆನಾಡಿನ ಬೆಳೆಗಾರನಿಗೆ ಕಾರು ಶೋಕಿಯ ವಸ್ತುವಲ್ಲ. ಬಟವಾಡೆಗೆ ಬ್ಯಾಂಕಿನಿಂದ ಹಣ ತರಲು, ಗೊಬ್ಬರದ ಚೀಲ ಹೇರಲು, ನಡುರಾತ್ರಿ ಲೈನಿನ ಗರ್ಭಿಣಿಯನ್ನು ಆಸ್ಪತ್ರೆಗೆ ಮುಟ್ಟಿಸಲು ಅದೇ ಬೇಕು. ಮಾರುತಿ 800, ಅಂಬಾಸಡರ್ ಎರಡರ ತಯಾರಿಕೆಯೂ 2014ರಲ್ಲಿ ನಿಂತುಹೋಯಿತು. ಆದರೂ ನಮ್ಮ ಕಡೆಯ ಶೆಡ್ಡುಗಳಲ್ಲಿ ಅವು ಇನ್ನೂ ದುಡಿಯುತ್ತಿವೆ. ಹಳೆಯ ಕಾರು ಇಟ್ಟುಕೊಳ್ಳುವುದು ತಪ್ಪಲ್ಲ. ಅದು ಹೇಳುವುದನ್ನು ಕೇಳಿಸಿಕೊಳ್ಳದಿರುವುದು ತಪ್ಪು.

ಕಾರು ಒಂದು ಬದಿಗೆ ಎಳೆಯುತ್ತಿದೆ ಎಂದೊಡನೆ ನಾವು ಪೇಟೆಗೆ ಹೋಗಿ ವೀಲ್ ಅಲೈನ್‌ಮೆಂಟ್ ಮಾಡಿಸುತ್ತೇವೆ. ಎರಡು ತಿಂಗಳಿಗೆ ಮತ್ತೆ ಎಳೆತ, ಮತ್ತೆ ಅಲೈನ್‌ಮೆಂಟ್, ಕೊನೆಗೆ ಹೊಸ ಟೈರು. ಈ ಪದ್ಧತಿಯನ್ನು ನಾನು ಒಪ್ಪಲಾರೆ. ಬೇರಿಗೆ ರೋಗ ತಗುಲಿದ ಗಿಡದ ಎಲೆಗೆ ಬೋರ್ಡೋ ದ್ರಾವಣ ಹೊಡೆದಂತೆ ಇದು. ಮಾರುತಿ 800ರಂಥ ಕಾರಿನಲ್ಲಿ ಹೀಗೆ ತಿರುಗಿಸಿ ಸರಿಪಡಿಸಬಹುದಾದದ್ದು ‘ಟೋ’ ಒಂದೇ. ಅಂದರೆ ಮುಂದಿನ ಎರಡು ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ವಾಲಿರುವ ಅಳತೆ. ಟೋ ಕೆಟ್ಟರೆ ಟೈರು ಬೇಗ ಸವೆಯುತ್ತದೆ, ಸ್ಟಿಯರಿಂಗ್ ಸೊಟ್ಟ ನಿಲ್ಲುತ್ತದೆ. ಆದರೆ ಕಾರು ಒಂದೇ ಬದಿಗೆ ಎಳೆಯುವುದಕ್ಕೆ ಸಾಮಾನ್ಯವಾಗಿ ಕಾರಣ ಬೇರೆಯೇ ಇರುತ್ತದೆ. ಅದನ್ನು ಹುಡುಕಲು ಒಂದು ಕ್ರಮವಿದೆ. ಅದರ ಬಹುಭಾಗಕ್ಕೆ ಕಾಸೂ ಖರ್ಚಿಲ್ಲ.

ಮೊದಲು ರಸ್ತೆಯನ್ನು ನೋಡಿ. ಮಳೆನೀರು ಹರಿದುಹೋಗಲೆಂದು ರಸ್ತೆಯ ನಡುಭಾಗವನ್ನು ಎತ್ತರಿಸಿರುತ್ತಾರೆ. ಎಡಬದಿಯಲ್ಲಿ ಹೋಗುವ ಕಾರು ಸ್ವಲ್ಪ ಎಡಕ್ಕೆ ಜಾರುವುದು ಸಹಜ. ಸಮತಟ್ಟಾದ ಜಾಗದಲ್ಲೂ ಎಳೆದರೆ ಮಾತ್ರ ದೋಷವೆನ್ನಿ. ಅನಂತರ, ಟೈರು ತಣ್ಣಗಿರುವಾಗ ಗಾಳಿ ಅಳೆಯಿರಿ. ಗಾಳಿ ಕಡಿಮೆಯಿರುವ ಬದಿಗೆ ಕಾರು ಎಳೆಯುತ್ತದೆ. ಗಾಳಿ ಸರಿಯಿದ್ದರೆ ಮುಂದಿನ ಎರಡು ಟೈರುಗಳನ್ನು ಎಡಬಲ ಅದಲುಬದಲು ಮಾಡಿ. ಎಳೆತವೂ ಬದಿ ಬದಲಿಸಿತೆಂದರೆ ದೋಷ ಟೈರಿನದೇ. ಬದಲಿಸದಿದ್ದರೆ ನಾಲ್ಕಾರು ಮೈಲಿ ಓಡಿಸಿ, ಎರಡೂ ಚಕ್ರಗಳ ಬಳಿ ಕೈಯೊಡ್ಡಿ ನೋಡಿ. ಒಂದು ಹೆಚ್ಚು ಬಿಸಿಯಾಗಿದ್ದರೆ ಆ ಬದಿಯ ಬ್ರೇಕ್ ಹಿಡಿದುಕೊಂಡಿದೆ. ಮಳೆಗಾಲದಲ್ಲಿ ಶೆಡ್ಡಿನಲ್ಲೇ ನಿಂತ ಕಾರುಗಳಲ್ಲಿ ತುಕ್ಕಿನಿಂದ ಹೀಗಾಗುವುದುಂಟು.

ಇಷ್ಟಕ್ಕೂ ಕಾರಣ ಸಿಗದಿದ್ದರೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಮುಂಭಾಗವನ್ನು ಜಾಕಿನಿಂದ ಎತ್ತಿ, ಕೆಳಗೆ ಗಟ್ಟಿ ಮರದ ದಿಮ್ಮಿ ಇಡಿ. ಬರೀ ಜಾಕನ್ನು ನಂಬಿ ಯಾರೂ ಕಾರಿನಡಿ ತಲೆ ಹಾಕಬಾರದು. ಚಕ್ರವನ್ನು ಎಡಬಲ ಹಿಡಿದು ಅಲುಗಿಸಿದಾಗ ಸಡಿಲವೆನಿಸಿದರೆ ಟೈ ರಾಡ್ ಎಂಡ್ ಅಥವಾ ಸ್ಟಿಯರಿಂಗ್ ರ‍್ಯಾಕ್ ಸವೆದಿದೆ. ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಸಡಿಲವಿದ್ದರೆ, ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಒತ್ತಿದೊಡನೆ ಅಲುಗಾಟ ನಿಂತರೆ ಬೇರಿಂಗ್. ನಿಲ್ಲದಿದ್ದರೆ ಬಾಲ್ ಜಾಯಿಂಟನ್ನು ಶಂಕಿಸಬೇಕು. ಲೋಯರ್ ಆರ್ಮಿನ ಬುಷ್‌ನ ರಬ್ಬರು ಬಿರುಕು ಬಿಟ್ಟಿದ್ದರೆ ಬ್ರೇಕ್ ಹಾಕಿದಾಗ ಕಾರು ದಿಕ್ಕು ತಪ್ಪುತ್ತದೆ. ತಿರುವು ದಾಟಿದ ಮೇಲೂ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬಾರದಿದ್ದರೆ ಸ್ಟ್ರಟ್‌ನ ಮೇಲ್ತುದಿಯ ಬೇರಿಂಗ್ ಬಿಗಿದಿರಬಹುದು.

ಎಲೆ ನೋಡಿ ಗಿಡದ ಕೊರತೆ ಹೇಳುವ ನಮಗೆ ಟೈರು ಓದುವುದು ಕಷ್ಟವಲ್ಲ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚು. ಗರಗಸದ ಹಲ್ಲಿನಂತೆ ಕೈಗೆ ತಾಗಿದರೆ ಟೋ ತಪ್ಪಿದೆ. ಅಲ್ಲಲ್ಲಿ ಕುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆಯೇ ನೋಡಿ. ಕಾರಿನ ಮೂಲೆಯನ್ನು ಒತ್ತಿ ಬಿಟ್ಟಾಗ ಒಮ್ಮೆ ಮೇಲೆದ್ದು ನಿಲ್ಲಬೇಕು. ತೊಟ್ಟಿಲಿನಂತೆ ತೂಗುತ್ತಿದ್ದರೆ ಅದರ ಕಾಲ ಮುಗಿದಿದೆ.

ಸವೆದ ಭಾಗ ಬದಲಾಯಿಸಿದ ಮೇಲೆ ಅಲೈನ್‌ಮೆಂಟ್ ಅಗತ್ಯವಾಗಿ ಆಗಬೇಕು. ಅದು ಕೊನೆಯ ಕೆಲಸ, ಮೊದಲನೆಯದಲ್ಲ. ಗೂಟ ಅಲುಗುತ್ತಿರುವಾಗ ಬೇಲಿ ನೇರ ಮಾಡಿ ಫಲವೇನು?

ಇದನ್ನು ಬರೀ ಟೈರಿನ ಲೆಕ್ಕವೆಂದು ಯಾರೂ ಭಾವಿಸಬಾರದು. ಸವೆದ ಬಾಲ್ ಜಾಯಿಂಟ್ ಕಳಚಿಕೊಂಡರೆ ಚಕ್ರ ಮಡಚಿಕೊಳ್ಳುತ್ತದೆ, ಸ್ಟಿಯರಿಂಗ್ ಕೈಗೆ ಸಿಗುವುದಿಲ್ಲ. ಅದು ತೋಟದ ರಸ್ತೆಯಲ್ಲಾದರೆ ಚರಂಡಿ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಒಂದರಲ್ಲಾದರೆ ಏನೆಂದು ಬರೆಯಬೇಕಾಗಿಲ್ಲ. ನಮ್ಮಲ್ಲಿ ಅನೇಕರ ಕಾರನ್ನು ಓಡಿಸುವವನು ಡ್ರೈವರು. ಸ್ಟಿಯರಿಂಗ್ ಎಳೆಯುತ್ತಿದೆ ಎಂದು ಅವನು ಹೇಳಿದಾಗ, “ಫಸಲು ಮಾರಿದ ಮೇಲೆ ನೋಡೋಣ” ಎನ್ನುವ ಯಜಮಾನರೂ ಇದ್ದಾರೆ. ಆ ಮಾತು ಕೇಳಿಸಿಕೊಂಡವನೇ ಮರುದಿನ ನಮ್ಮ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುತ್ತಾನೆ.

ಕೊಳೆರೋಗಕ್ಕೆ ಮಳೆ ಹಿಡಿಯುವ ಮುನ್ನವೇ ಔಷಧಿ ಹೊಡೆಯುವ ನಾವು, ಅದೇ ವಾರ ಕಾರಿಗೂ ಅರ್ಧ ದಿನ ಕೊಡಬೇಕು. ಗಾಳಿ ಅಳೆಯುವ ಒಂದು ಒಳ್ಳೆಯ ಗೇಜು ಮತ್ತು ಗಟ್ಟಿಯಾದ ಒಂದು ಜೊತೆ ಸ್ಟ್ಯಾಂಡನ್ನು ಸಂಘದ ಗೋದಾಮಿನಲ್ಲಿ ಇಟ್ಟರೆ ಸಿಂಪಡಣಾ ಯಂತ್ರದಂತೆ ಎಲ್ಲರೂ ಬಳಸಬಹುದು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯವನ್ನು ಮುಂದಿಡಲಿದ್ದೇನೆ. ಸದಸ್ಯ ಬಾಂಧವರು ಯೋಚಿಸಿ ಬರಬೇಕಾಗಿ ವಿನಂತಿ.

— ಕಾರ್ಯದರ್ಶಿ