ಖಾಲಿ ನೆಲ ಅಂದವರು ಯಾರು?

ಹವಾಮಾನ ಕೆಟ್ಟರೆ ನೆಲ ಏನಾಗುತ್ತೆ, ನೆಲ ಕೆಟ್ಟರೆ ಹವಾಮಾನ ಏನಾಗುತ್ತೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವರಿದ್ದಾರೆ. 1969ರಲ್ಲಿ ಅಮೆರಿಕದಲ್ಲಿದ್ದ ಸ್ಯುಕುರೊ ಮನಾಬೆ ಲೋಕದ ನೆಲವನ್ನೆಲ್ಲ ಒಂದೇ ಅಳತೆಯ ಬಕೆಟ್ ಮಾಡಿದರು. 15 ಸೆಂಟಿಮೀಟರ್ ನೀರು ಹಿಡಿಯುತ್ತೆ, ತುಂಬಿದರೆ ಹರಿದುಹೋಗುತ್ತೆ. ಎರೆಯೂ ಅಷ್ಟೆ, ಮರಳೂ ಅಷ್ಟೆ. ಆಗಿನ ಯಂತ್ರಕ್ಕಿದ್ದ ತಾಕತ್ತು ಅದು, ಬಯ್ಯುವುದಿಲ್ಲ. ಆಮೇಲಿನವರು ಬೇರಿನ ಆಳ, ಎಲೆಯ ಉಸಿರು, ಮಣ್ಣೊಳಗಿನ ಇಂಗಾಲ ಎಲ್ಲ ಸೇರಿಸಿದರು. ಬೇಕಾದ ಕೆಲಸವೇ. ಬರ ಬಂದರೆ ಮೊದಲು ಗುಳೆ ಹೋಗುವವರು ನಮ್ಮ ಕೇರಿಯವರು ತಾನೆ?

ನನ್ನ ಜಗಳ ಬೇರೆ. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೆಕ್ಕ ಬಂತು. ಮಳೆ, ಬಿಸಿಲು, ಮಣ್ಣು ನೋಡಿ ಎಲ್ಲೆಲ್ಲಿ ಮರ ಬೆಳೆದೀತು ಅಂತ ಯಂತ್ರ ಹೇಳಿತು. 90 ಕೋಟಿ ಹೆಕ್ಟೇರ್ ಹೊಸ ಮರದ ಹೊದಿಕೆ, 20,500 ಕೋಟಿ ಟನ್ ಇಂಗಾಲ! ಹೊಲ ಬಿಟ್ಟರು, ಪಟ್ಟಣ ಬಿಟ್ಟರು. ದನ ಕುರಿ ಮೇಯುವ ಹುಲ್ಲುನೆಲ ಬಿಡಲಿಲ್ಲ. ಉಳುವವನ ನೆಲಕ್ಕೆ ವಿನಾಯಿತಿ, ಮೇಯಿಸುವವನ ನೆಲ ಖಾಲಿ. ಇದು ಯಾವ ಸೀಮೆ ನ್ಯಾಯ ಸ್ವಾಮಿ?

ಅದೇ ವರ್ಷ, ಅದೇ ಪತ್ರಿಕೆಯಲ್ಲಿ, ಬೇರೆ ವಿಜ್ಞಾನಿಗಳೇ ತಿರುಗಿಬಿದ್ದರು. ಲೆಕ್ಕ ಸುಮಾರು ಐದು ಪಟ್ಟು ಉಬ್ಬಿದೆ ಎಂದರು. ಹುಲ್ಲಿನ ಬೇರು ಆಗಲೇ ಮಣ್ಣಿನಲ್ಲಿ ಕೂಡಿಟ್ಟಿರುವ ಇಂಗಾಲವನ್ನು ಸರಿಯಾಗಿ ಎಣಿಸಿಲ್ಲ. ಹಿಮ ಬೀಳುವ ಸೀಮೆಯಲ್ಲಿ ದಟ್ಟ ಮರ ಬಿಸಿಲು ಹೀರಿ ನೆಲ ಕಾಯಿಸುವುದನ್ನೂ ಎಣಿಸಿಲ್ಲ. 2020ರಲ್ಲಿ ಬರೆದವರೇ ತಿದ್ದುಪಡಿ ಹಾಕಿದರು. ತಲೆಬರಹ ಓದಿದವರು ಲಕ್ಷ, ತಿದ್ದುಪಡಿ ಓದಿದವರು ಎಷ್ಟೋ!

ನಮಗಿದು ಹೊಸ ಕತೆಯಲ್ಲ. ಕಂದಾಯ ಹುಟ್ಟದ ನೆಲವನ್ನು ‘ಪಾಳು’ ಅಂತ ಬರೆದದ್ದು ಬ್ರಿಟಿಷರ ಕಡತ. ಕಡತ ನಮ್ಮವರ ಕೈಗೆ ಬಂತು, ಬರಹ ಬದಲಾಗಲಿಲ್ಲ. 1980ರ ದಶಕದಲ್ಲಿ ಕರ್ನಾಟಕ ಸರ್ಕಾರ ಅಂಥ ಸುಮಾರು 30,000 ಹೆಕ್ಟೇರ್ ಊರೊಟ್ಟಿನ ನೆಲವನ್ನು ಕಾರ್ಖಾನೆಯೊಂದಕ್ಕೆ ನೀಲಗಿರಿ ಬೆಳೆಯಲು ಕೊಡಹೊರಟಿತು. ಮೇಕೆ ಮೇಯಿಸುತ್ತಿದ್ದ, ಪುಳ್ಳೆ ಆಯುತ್ತಿದ್ದ ಭೂಹೀನರನ್ನು ಯಾರು ಕೇಳಿದರು? 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತರು, ತಮಗೆ ಬೇಕಾದ ಗಿಡ ಹಚ್ಚಿದರು. ‘ಕಿತ್ತಿಕೋ ಹಚ್ಚಿಕೋ’ ಅಂತಲೇ ಅದಕ್ಕೆ ಹೆಸರಾಯಿತು.

ಈಗ ಕಡತದ ಜಾಗಕ್ಕೆ ಉಪಗ್ರಹದ ಚಿತ್ರ ಬಂದಿದೆ. ಮೇಷ್ಟ್ರೇ, ಒಂದು ದಿನ ಮಕ್ಕಳನ್ನು ಗೋಮಾಳಕ್ಕೆ ಕರೆದುಕೊಂಡು ಹೋಗಿ. ಯಾವ ಹುಲ್ಲು, ಯಾರ ಮೇಕೆ, ಯಾರು ಕಡ್ಡಿ ಆಯ್ತಾರೆ, ಯಾವ ತಿಂಗಳಲ್ಲಿ, ಎಲ್ಲ ಬರೆಸಿ. ಮುಂದಿನ ನಕ್ಷೆ ಹಿಡಿದು ಸಾಹೇಬರು ಊರಿಗೆ ಬಂದಾಗ ಆ ಹಾಳೆಯನ್ನೂ ಅದೇ ಮೇಜಿನ ಮೇಲೆ ಇಡೋಣ.